ದ್ವೀಪ ತೇಲಬಾರದು: ಪುಟ್ಟ ಮಕ್ಕಳ ನೆಲ–ನೀರಿನ ಮಾದರಿಗೆ ಯಾವ ಸಾಮಗ್ರಿ ಸರಿ?

ಮೂರರಿಂದ ಆರು ವರ್ಷದ ಮಕ್ಕಳಿಗೆ ದ್ವೀಪ, ಕೆರೆ, ಕೊಲ್ಲಿ, ಭೂಶಿರ ಅಂತೆಲ್ಲ ಹೇಳಿಕೊಡಲು ಭೂಪಟ ಬೇಕಿಲ್ಲ. ಅಗಲವಾದ ಒಂದು ತಟ್ಟೆ, ಸ್ವಲ್ಪ ಮಣ್ಣು, ಒಂದು ಚೊಂಬು ನೀರು ಇದ್ದರೆ ಸಾಕು. ಮಗು ತಾನೇ ನೀರು ಹುಯ್ಯಬೇಕು. ನೀರು ಎಲ್ಲಿ ನಿಂತಿತು, ನೆಲ ಎಲ್ಲಿ ಉಳಿಯಿತು ಅಂತ ಕಣ್ಣಾರೆ ನೋಡಬೇಕು. ಹೆಸರು ಆಮೇಲೆ.

ಮಾಂಟೆಸ್ಸರಿ ಶಾಲೆಗಳಲ್ಲಿ ಈ ತಟ್ಟೆಗಳನ್ನು ಜೋಡಿ ಜೋಡಿಯಾಗಿ ಇಟ್ಟಿರುತ್ತಾರೆ. ದ್ವೀಪಕ್ಕೆ ಸರೋವರ, ಭೂಶಿರಕ್ಕೆ ಕೊಲ್ಲಿ, ಭೂಸಂಧಿಗೆ (ಎರಡು ನೆಲಗಳನ್ನು ಸೇರಿಸುವ ಕಿರಿದಾದ ನೆಲ) ಜಲಸಂಧಿ (ಎರಡು ಕಡಲುಗಳನ್ನು ಸೇರಿಸುವ ಕಿರಿದಾದ ನೀರು), ದ್ವೀಪಗಳ ಗುಂಪಿಗೆ ಕೆರೆಗಳ ಸಾಲು. ಒಂದರಲ್ಲಿ ನೆಲ ಇರುವ ಕಡೆ ಇನ್ನೊಂದರಲ್ಲಿ ನೀರು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಭಾರತಕ್ಕೆ ಬಂದವರು ಯುದ್ಧ ಮುಗಿಯುವ ತನಕ ಇಲ್ಲೇ ಉಳಿದು, ಚೆನ್ನೈನ ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಹಾಗಾಗಿ ಈ ಪದ್ಧತಿ ನಮ್ಮ ಕಡೆಗೆ ಹೊಸದೇನಲ್ಲ. ಆದರೆ ಮನೆಯಲ್ಲೋ ಅಂಗನವಾಡಿಯಲ್ಲೋ ಮಾಡಲು ಹೊರಟವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಸಾಮಗ್ರಿಯ ವಿಷಯದಲ್ಲಿ. ಜೇಡಿಮಣ್ಣೋ, ಹಿಟ್ಟೋ, ಮರಳೋ, ಅಂಗಡಿಯ ಸೆಟ್ಟೋ?

ನಾನು ಯಾವ ಸಾಮಗ್ರಿಯನ್ನಾದರೂ ಎರಡೇ ವಿಷಯ ಇಟ್ಟುಕೊಂಡು ಅಳೆಯುತ್ತೇನೆ. ನೀರು ಹುಯ್ದಾಗ ಅದು ಏನು ಮಾಡುತ್ತದೆ? ಮಗು ಅದನ್ನು ತಾನೇ ಕೈಯಲ್ಲಿ ಮಾಡಬಹುದಾ? ಅಂದ ಚೆಂದ, ಬಣ್ಣ, ಬಾಳಿಕೆ ಎಲ್ಲ ಇವೆರಡರ ನಂತರ.

ಜೇಡಿಮಣ್ಣು: ನನ್ನ ಮೊದಲ ಆಯ್ಕೆ

ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಸಿಕ್ಕರೆ ಬೇರೆ ಏನನ್ನೂ ಹುಡುಕಬೇಡಿ. ಗೌರಿ–ಗಣೇಶನ ಹಬ್ಬದ ಹೊತ್ತಿಗೆ ಪೇಟೆಯಲ್ಲೂ ಸುಲಭವಾಗಿ ಸಿಗುತ್ತದೆ. ಒಮ್ಮೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬಹಳ ದಿನ ಬರುತ್ತದೆ. ಒಣಗಿದರೂ ಚಿಂತೆಯಿಲ್ಲ. ಪುಡಿ ಮಾಡಿ ನೆನೆಹಾಕಿದರೆ ಮತ್ತೆ ಹದಕ್ಕೆ ಬರುತ್ತದೆ.

ಇದನ್ನು ಮೊದಲು ಹೇಳಲು ಕಾರಣವಿದೆ. ಎರಡು ಬೆರಳು ದಪ್ಪಕ್ಕೆ ಮಣ್ಣನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿ. ನಡುವೆ ಅಂಕುಡೊಂಕಾಗಿ ಒಂದು ಆಕಾರ ಕತ್ತರಿಸಿ. ಮೊಂಡು ಚಾಕು ಸಾಕು, ಮಗುವೇ ಕತ್ತರಿಸಲಿ. ಈಗ ಒಳಗಿನ ತುಂಡನ್ನು ಎತ್ತಿ ಒಂದು ತಟ್ಟೆಯ ನಡುವೆ ಇಡಿ. ತೂತು ಬಿದ್ದ ಹೊರಗಿನ ಭಾಗವನ್ನು ಇನ್ನೊಂದು ತಟ್ಟೆಯಲ್ಲಿ ಇಡಿ. ಎರಡಕ್ಕೂ ಅಡಿಯ ಅಂಚನ್ನು ಒದ್ದೆ ಬೆರಳಿನಿಂದ ತಟ್ಟೆಗೆ ಒತ್ತಿ ಮೆತ್ತಬೇಕು. ಇಲ್ಲದಿದ್ದರೆ ನೀರು ಅಡಿಯಿಂದ ನುಸುಳುತ್ತದೆ. ಆಮೇಲೆ ಮಗುವಿನ ಕೈಗೆ ಸಣ್ಣ ಚೊಂಬು ಕೊಡಿ. ಮೊದಲ ತಟ್ಟೆಯಲ್ಲಿ ಮಣ್ಣಿನ ಸುತ್ತ ನೀರು ನಿಲ್ಲುತ್ತದೆ, ಅದು ದ್ವೀಪ. ಎರಡನೆಯದರಲ್ಲಿ ನೀರಿನ ಸುತ್ತ ಮಣ್ಣು ನಿಲ್ಲುತ್ತದೆ, ಅದು ಸರೋವರ. ಕತ್ತರಿಸಿದ್ದು ಒಂದೇ ಸಲ, ಸಿಕ್ಕಿದ್ದು ಎರಡು. ನೀರು ಚೆಲ್ಲಿದ ಮೇಲೆ ದ್ವೀಪವನ್ನು ಎತ್ತಿ ಸರೋವರದ ಗುಂಡಿಯಲ್ಲಿ ಇಟ್ಟರೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿ ನೋಡುತ್ತಾರೆ, ಬೇಕಾದಷ್ಟು ಸಲ ಮಾಡಲಿ ಬಿಡಿ. ಹತ್ತು ವಾಕ್ಯದಲ್ಲಿ ವಿವರಿಸಿದರೂ ತಲೆಗೆ ಹೋಗದ ಸಂಬಂಧ ಇಲ್ಲಿ ಕೈಗೆ ಸಿಗುತ್ತದೆ.

ಹಸಿ ಜೇಡಿಮಣ್ಣಿನ ದೋಷ ಎಲ್ಲರಿಗೂ ಗೊತ್ತಿರುವುದೇ. ಹೊತ್ತು ಹೋದಂತೆ ಅಂಚು ಕರಗುತ್ತದೆ, ನೀರು ಕದಡುತ್ತದೆ, ಪಾಠ ಮುಗಿಯುವಷ್ಟರಲ್ಲಿ ದ್ವೀಪ ಸ್ವಲ್ಪ ಸಣ್ಣದಾಗಿರುತ್ತದೆ. ನನಗೆ ಇದು ದೋಷ ಅನ್ನಿಸುವುದೇ ಇಲ್ಲ. ಕರಾವಳಿಯ ಮಕ್ಕಳು ಕಡಲ್ಕೊರೆತ ಅನ್ನುವ ಮಾತನ್ನು ಮನೆಯಲ್ಲಿ ಕೇಳಿರುತ್ತಾರೆ. ಉಳ್ಳಾಲದ ಕಡೆಯವರಿಗಂತೂ ಮಳೆಗಾಲ ಬಂದರೆ ಅದೇ ಮಾತು. ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಸಣ್ಣ ಅಲೆ ಎದ್ದು ದಡವನ್ನು ಹೊಡೆಯುವುದನ್ನು, ದಡ ಕುಸಿಯುವುದನ್ನು ನಾಲ್ಕು ವರ್ಷದ ಮಗುವೂ ನೋಡಿ ಹೇಳುತ್ತದೆ.

ಗಟ್ಟಿಯಾಗಿ ಉಳಿಯಬೇಕು ಅಂದರೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಕುಂಬಾರರ ಆವಿಗೆಯಲ್ಲಿ ಸುಡಿಸಬಹುದು. ಒಳಗೆ ಪಸೆ ಉಳಿದ ದಪ್ಪ ತುಂಡು ಬೆಂಕಿಯಲ್ಲಿ ಸಿಡಿಯುತ್ತದೆ. ಹಾಗಾಗಿ ಅಡಿಯನ್ನು ಟೊಳ್ಳು ಮಾಡಿಸಿ. ಸುಟ್ಟ ಮಣ್ಣು ನೀರು ಹೀರುತ್ತದೆ ಅನ್ನುವುದೂ ನೆನಪಿರಲಿ. ಮೇಲೆ ಪೇಂಟ್ ಹೊಡೆಯದಿದ್ದರೆ ಸರೋವರ ತಾನಾಗಿ ಒಣಗುತ್ತದೆ.

ನಮ್ಮ ಕೆರೆ ಗುಂಡಿಯಲ್ಲ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅಂಗಡಿಯ ಯಾವ ಸೆಟ್ಟಿನಲ್ಲೂ ಇದು ಬರುವುದಿಲ್ಲ. ಮಾದರಿ ತಟ್ಟೆಯ ಸರೋವರ ಅಂದರೆ ಬಯಲಿನ ನಡುವೆ ಒಂದು ಗುಂಡಿ. ಕರ್ನಾಟಕದ ಮಗು ನೋಡಿರುವ ಕೆರೆ ಹಾಗಿರುವುದಿಲ್ಲ, ಅಲ್ವಾ? ನಮ್ಮಲ್ಲಿ ನೆಲ ಇಳಿಜಾರಾಗಿರುತ್ತದೆ, ತಗ್ಗಿನ ಕಡೆ ಅಡ್ಡಲಾಗಿ ಏರಿ ಕಟ್ಟಿರುತ್ತಾರೆ, ನೀರು ಏರಿಗೆ ಒರಗಿ ನಿಲ್ಲುತ್ತದೆ. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಇರುವುದೂ ಹಾಗೇ. ಊರ ಮುಂದಿನ ಸಣ್ಣ ಕೆರೆ ಇರುವುದೂ ಹಾಗೇ.

ಜೇಡಿಮಣ್ಣಿನಲ್ಲಿ ಇದನ್ನು ಮಾಡುವುದು ಸುಲಭ. ತಟ್ಟೆಯ ಒಂದು ತುದಿಯ ಕೆಳಗೆ ಪುಸ್ತಕವೊಂದನ್ನು ಇಟ್ಟು ಎತ್ತರಿಸಿ. ತಟ್ಟೆಗೆ ತೆಳುವಾಗಿ ಮಣ್ಣು ಬಳಿಯಿರಿ. ಇಳಿಜಾರಿನ ಮಧ್ಯೆ ಮಗು ತನ್ನ ಬೆರಳಿನಿಂದ ಬಿಲ್ಲಿನ ಆಕಾರದಲ್ಲಿ ಏರಿ ಕಟ್ಟಲಿ. ಏರಿಯ ಒಂದು ತುದಿಯಲ್ಲಿ ಸ್ವಲ್ಪ ತಗ್ಗು ಮಾಡಿ, ಅದು ಕೋಡಿ. ಮೇಲಿನಿಂದ ನಿಧಾನವಾಗಿ ನೀರು ಬಿಟ್ಟರೆ ಕೆರೆ ತುಂಬುತ್ತದೆ, ಆಮೇಲೆ ಕೋಡಿ ಬೀಳುತ್ತದೆ. ಕೆಳಗೆ ಇನ್ನೊಂದು ಏರಿ ಕಟ್ಟಿಟ್ಟಿದ್ದರೆ ಹರಿದ ನೀರು ಅಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಕೆರೆಗಳನ್ನು ಹಿಂದಿನವರು ಕಟ್ಟಿದ್ದು ಹೀಗೆ ಸಾಲಾಗಿ: ಮೇಲಿನ ಕೆರೆಯ ಹೆಚ್ಚಿನ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ನಡುವಿನ ಕಾಲುವೆಗೆ ಮಣ್ಣು ಹಾಕಿ ಮುಚ್ಚಿದರೆ ಏನಾಗುತ್ತದೆ ಅಂತ ಮಗುವನ್ನೇ ಕೇಳಿ. ನೀರು ಅಕ್ಕಪಕ್ಕದ ನೆಲಕ್ಕೆ ನುಗ್ಗುತ್ತದೆ. ಬೆಂಗಳೂರಿನ ಮಳೆಯ ಸುದ್ದಿ ಏನು ಅನ್ನುವುದು ಆರು ವರ್ಷಕ್ಕೇ ಅರ್ಥವಾಗುತ್ತದೆ.

ಹಿಟ್ಟು

ಮನೆಯಲ್ಲಿ ಈಗಲೇ ಶುರು ಮಾಡಬೇಕು, ಮಣ್ಣು ತರಲು ಪುರುಸೊತ್ತಿಲ್ಲ ಅನ್ನುವವರಿಗೆ ಮೈದಾ ಅಥವಾ ಗೋಧಿ ಹಿಟ್ಟು ಇದೆ. ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು, ಸುಮಾರು ಒಂದು ಲೋಟ ನೀರು, ಸ್ವಲ್ಪ ಎಣ್ಣೆ. ನೀರನ್ನು ಒಂದೇ ಸಲ ಹಾಕಬೇಡಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಕತ್ತರಿಸುವ ಆಟವೆಲ್ಲ ಇದರಲ್ಲೂ ನಡೆಯುತ್ತದೆ. ಕೈಗೆ ಮೆತ್ತಗೆ, ಬಣ್ಣ ಬೆರೆಸಬಹುದು.

ಆದರೆ ನೀರು ಹುಯ್ದ ಸ್ವಲ್ಪ ಹೊತ್ತಿಗೇ ಮೇಲ್ಭಾಗ ಲೋಳೆಯಾಗುತ್ತದೆ. ಮಣ್ಣು ಕರಗಿದರೆ ಅದಕ್ಕೊಂದು ಅರ್ಥವಿದೆ, ನೆಲ ನಿಜವಾಗಿಯೂ ಹಾಗೆ ಕರಗುತ್ತದೆ. ಹಿಟ್ಟು ಅಂಟಂಟಾಗುವುದರಲ್ಲಿ ಕಲಿಯುವುದು ಏನೂ ಇಲ್ಲ. ಒಣಗಿಸಿಟ್ಟರೆ ಇರುವೆ, ಮಳೆಗಾಲದಲ್ಲಿ ಬೂಸ್ಟು. ಉಪ್ಪು ಜಾಸ್ತಿ ಇರುವುದರಿಂದ ಮಗು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಮನೆಯ ನಾಯಿಗೂ ಸಿಗಬಾರದು. ಒಂದು ಮಧ್ಯಾಹ್ನದ ಕೆಲಸಕ್ಕೆ ಸರಿ. ಅದಕ್ಕಿಂತ ಹೆಚ್ಚಿಗೆ ಬೇಡ.

ಎಣ್ಣೆ ಜಿಡ್ಡಿನ ಬಣ್ಣದ ಕ್ಲೇ

ಸ್ಟೇಷನರಿ ಅಂಗಡಿಯಲ್ಲಿ ಪಟ್ಟಿ ಪಟ್ಟಿಯಾಗಿ ಸಿಗುವ, ಒಣಗದ ಕ್ಲೇ ಇದು. ನೀರಿನಲ್ಲಿ ಕರಗುವುದಿಲ್ಲ, ತಟ್ಟೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಸರೋವರದಿಂದ ಒಂದು ತೊಟ್ಟೂ ಸೋರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ, ಮಣ್ಣಿನ ರಾಡಿ ಬೇಡ ಅನ್ನುವವರಿಗೆ ಇದಕ್ಕಿಂತ ಅನುಕೂಲ ಇಲ್ಲ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇದ್ದು ಮಕ್ಕಳಿಗೆ ಕನ್ನಡದಲ್ಲಿ ಈ ಹೆಸರುಗಳನ್ನು ಹೇಳಿಕೊಡಬೇಕು ಅನ್ನುವವರಿಗೂ ನಾನು ಇದನ್ನೇ ಹೇಳುವುದು. ಎಲ್ಲ ಕಡೆ ಸಿಗುತ್ತದೆ.

ತೊಂದರೆ ಎರಡು. ದೊಡ್ಡ ತಟ್ಟೆ ತುಂಬಬೇಕಾದರೆ ಪಾಕೆಟ್ಟುಗಟ್ಟಲೆ ಬೇಕು. ಊಟದ ಡಬ್ಬಿಯಷ್ಟು ಸಣ್ಣ ಪಾತ್ರೆಯಲ್ಲಿ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು, ಚಳಿಗಾಲದಲ್ಲಿ ಇದು ಗಟ್ಟಿಯಾಗುತ್ತದೆ, ಮೂರು ವರ್ಷದ ಕೈಗೆ ಬಗ್ಗುವುದಿಲ್ಲ. ನೀವು ಮೊದಲು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ಕೊಡಿ. ಬಣ್ಣ ಆರಿಸುವಾಗ ನೆಲಕ್ಕೆ ಕಂದು ಅಥವಾ ಹಸಿರು, ಯಾವುದಾದರೂ ಒಂದೇ ಇಟ್ಟುಕೊಳ್ಳಿ. ಏಳು ಬಣ್ಣ ಹಾಕಿದರೆ ಮಗು ಬಣ್ಣ ನೋಡುತ್ತದೆ, ಆಕಾರ ನೋಡುವುದಿಲ್ಲ.

ಮರಳು: ನಿಂತ ನೀರಿಗೆ ಬೇಡ, ಹರಿಯುವ ನೀರಿಗೆ ಬೇಕೇ ಬೇಕು

ಮರಳಿನಲ್ಲಿ ಸರೋವರ ಮಾಡಲು ಹೋದರೆ ನೀರು ಇಂಗಿಹೋಗುತ್ತದೆ. ದ್ವೀಪ ಮಾಡಿದರೆ ಅಡಿಯಿಂದ ನೀರು ಏರಿ ಇಡೀ ಗುಡ್ಡೆ ಕುಸಿಯುತ್ತದೆ. ಮಗುವಿಗೆ ನೆಲ ಯಾವುದು, ನೀರು ಯಾವುದು ಅನ್ನುವ ಗೆರೆಯೇ ಕಾಣುವುದಿಲ್ಲ. ಆ ಗೆರೆಯೇ ಇಲ್ಲಿ ಪಾಠ. ಹಾಗಾಗಿ ಜೋಡಿ ಆಕಾರಗಳಿಗೆ ಮರಳು ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಅದೇ ಮರಳನ್ನು ಓರೆಯಾದ ಟ್ರೇಯಲ್ಲಿ ಹರಡಿ, ಮೇಲಿನ ತುದಿಯಿಂದ ಸಣ್ಣ ಧಾರೆಯಲ್ಲಿ ನೀರು ಬಿಡಿ. ನೀರು ತಾನೇ ದಾರಿ ಕೊರೆದುಕೊಂಡು ಹೊರಡುತ್ತದೆ. ಸುತ್ತು ಬಳಸಿ ಹೋಗುತ್ತದೆ, ಕವಲೊಡೆಯುತ್ತದೆ, ನಡುವೆ ಒಂದು ಮರಳ ದಿಬ್ಬ ಉಳಿದು ನದಿಯ ನಡುಗಡ್ಡೆಯಾಗುತ್ತದೆ. ಕೆಳಗೆ ತಲುಪಿದಾಗ ಹೊತ್ತು ತಂದ ಮರಳನ್ನು ಬೀಸಣಿಗೆಯ ಆಕಾರದಲ್ಲಿ ಬಿಟ್ಟು ಹರಡಿಕೊಳ್ಳುತ್ತದೆ. ತಂಜಾವೂರಿನ ಕಡೆ ಕಾವೇರಿ ಮಾಡಿರುವುದು ಇದನ್ನೇ. ಶ್ರೀರಂಗಪಟ್ಟಣ, ಶಿವನಸಮುದ್ರ ಎರಡೂ ಕಾವೇರಿ ಸೀಳಿ ಮತ್ತೆ ಕೂಡಿದ ಜಾಗಗಳು. ಕುಂದಾಪುರ, ಉಡುಪಿ ಕಡೆಯ ಹೊಳೆಗಳಲ್ಲಿರುವ ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ನೋಡಿರುವ ಮಗು ದಿಬ್ಬ ಕಂಡ ಕೂಡಲೇ ತಾನೇ ಹೆಸರು ಹೇಳಿಬಿಡುತ್ತದೆ. ಈ ಕೆಲಸ ಬೇರೆ ಯಾವ ಸಾಮಗ್ರಿಯಲ್ಲೂ ಇಷ್ಟು ಚೆನ್ನಾಗಿ ಆಗುವುದಿಲ್ಲ.

ಎಂ–ಸ್ಯಾಂಡ್ ಬಳಸುವುದಾದರೆ ಹಲವು ಸಲ ತೊಳೆಯಿರಿ. ಅದು ಕಲ್ಲು ಪುಡಿ ಮಾಡಿದ್ದು, ಧೂಳು ಜಾಸ್ತಿ, ಕಣಗಳ ಅಂಚು ಚೂಪು.

ಥರ್ಮಾಕೋಲ್ ಮತ್ತು ಪ್ಲಾಸ್ಟರ್

ಶಾಲೆಯ ಪ್ರದರ್ಶನಗಳಲ್ಲಿ ಎಲ್ಲೆಲ್ಲೂ ಥರ್ಮಾಕೋಲ್. ಹಗುರ, ಕತ್ತರಿಸಲು ಸುಲಭ, ಬಣ್ಣ ಹಚ್ಚಿದರೆ ಚೆಂದ. ಆದರೆ ಈ ವಿಷಯಕ್ಕೆ ಇದರಷ್ಟು ತಪ್ಪು ಸಾಮಗ್ರಿ ಇನ್ನೊಂದಿಲ್ಲ. ಯಾಕೆಂದರೆ ಅದು ತೇಲುತ್ತದೆ. ದ್ವೀಪ ಅಂದರೆ ಸಮುದ್ರದ ಮೇಲೆ ತೇಲುವ ನೆಲ ಅಂತ ತುಂಬ ಮಕ್ಕಳು ಅಂದುಕೊಂಡಿರುತ್ತಾರೆ. ಚಿತ್ರದಲ್ಲಿ ನೋಡಿದರೂ ಹಾಗೇ ಕಾಣುತ್ತದೆ. ಥರ್ಮಾಕೋಲ್ ತುಂಡು ಆ ತಪ್ಪನ್ನೇ ಗಟ್ಟಿ ಮಾಡುತ್ತದೆ. ಮಣ್ಣಿನ ದ್ವೀಪದಲ್ಲಿ ಹಾಗಲ್ಲ. ಮಗುವಿನ ಬೆರಳು ಹಿಡಿದು ದ್ವೀಪದ ಮೇಲಿನಿಂದ ನೀರಿನೊಳಗೆ, ತಟ್ಟೆಯ ತಳದ ತನಕ ಇಳಿಸಿ. ನೆಲ ನೀರಿನ ಮಟ್ಟಕ್ಕೆ ಮುಗಿಯುವುದಿಲ್ಲ, ಕೆಳಗೂ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಲಾವಾ ತಣ್ಣಗಾಗಿ ಕಂಬಗಳಾದ ಬಂಡೆ, ನೀರಿನ ಕೆಳಗೆ ಕಡಲ ತಳಕ್ಕೆ ಬೆಸೆದುಕೊಂಡಿವೆ. ಅಲೆ ಬಂದರೂ ಅಲ್ಲಾಡುವುದಿಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್ ತರಗತಿಗೆ ಬಾಳಿಕೆ ಬರುವ ತಟ್ಟೆ ಮಾಡಲು ಆಗುತ್ತದೆ, ಆದರೆ ಅದು ದೊಡ್ಡವರ ಕೆಲಸ. ನೀರು ಬೆರೆಸಿದ ಮೇಲೆ ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ದಪ್ಪಗೆ ಹಾಕಿದರೆ ಕೈ ಸುಡುವಷ್ಟು. ಮಕ್ಕಳ ಕೈಯನ್ನು ಅದರೊಳಗೆ ಯಾವತ್ತೂ ಇಡಿಸಬೇಡಿ, ಅಂಗೈ ಅಚ್ಚು ತೆಗೆಯುವ ಆಸೆಗೂ ಬೇಡ. ಪುಡಿ ಕಲಸುವಾಗ ಮಕ್ಕಳು ಪಕ್ಕದಲ್ಲೂ ಇರಬಾರದು. ಒಣಗಿದ ಮೇಲೆ ಆಯಿಲ್ ಪೇಂಟ್ ಎರಡು ಕೋಟ್ ಹೊಡೆಯದಿದ್ದರೆ ನೀರು ಹೀರಿ ಪುಡಿಯಾಗುತ್ತದೆ. ಇಷ್ಟು ಕಷ್ಟಪಡುವವರು ಅಡಿಗೆ ಎಂ–ಸೀಲ್ ಮೆತ್ತಿ ಸೋರಿಕೆ ನಿಲ್ಲಿಸಿಬಿಡಿ.

ಅಂಗಡಿಯ ಸೆಟ್

ಮಾಂಟೆಸ್ಸರಿ ಸಾಮಗ್ರಿ ಮಾರುವವರಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಅಥವಾ ಫೈಬರ್ ತಟ್ಟೆಗಳು ಸೆಟ್ಟಾಗಿ ಸಿಗುತ್ತವೆ. ಆಕಾರ ಖಚಿತ, ಸೋರುವುದಿಲ್ಲ, ತೊಳೆದು ಎತ್ತಿಡಬಹುದು, ವರ್ಷಗಟ್ಟಲೆ ಬಾಳುತ್ತವೆ. ಇಪ್ಪತ್ತು ಮಕ್ಕಳಿರುವ ತರಗತಿಗೆ ಇದು ಸರಿಯಾದ ಖರ್ಚು. ಮಗು ತನಗೆ ಬೇಕಾದಾಗ ತಟ್ಟೆ ತಂದು, ನೀರು ಹುಯ್ದು, ಸ್ಪಂಜಿನಿಂದ ಒರೆಸಿ, ಮತ್ತೆ ಜಾಗದಲ್ಲಿಡಬಹುದು. ಶಿಕ್ಷಕರು ದಿನಾ ಮಣ್ಣು ಕಲಸುತ್ತಾ ಕೂರಲು ಆಗುವುದಿಲ್ಲ.

ಒಂದೇ ಮಗುವಿರುವ ಮನೆಗೆ ದಂಡ. ಆಕಾರವನ್ನು ಬೇರೆ ಯಾರೋ ಮಾಡಿಕೊಟ್ಟಿರುತ್ತಾರೆ, ಮಗುವಿಗೆ ಉಳಿಯುವುದು ನೀರು ಹುಯ್ಯುವುದು ಮಾತ್ರ. ಎರಡು ವಾರದ ಮೇಲೆ ಮೂಲೆ ಸೇರುತ್ತದೆ. ಶಾಲೆಯವರು ಕೊಂಡರೂ ಪಕ್ಕದಲ್ಲಿ ಒಂದು ಡಬ್ಬಿ ಜೇಡಿಮಣ್ಣು ಇಟ್ಟಿರಲಿ. ತಟ್ಟೆ ನೋಡಿದ ಮಗು ತನ್ನದೇ ಒಂದನ್ನು ಮಾಡಲು ಹೊರಡುತ್ತದೆ, ಆಗ ಅದರ ಕೈಗೆ ಏನಾದರೂ ಸಿಗಬೇಕು. ಕೊಳ್ಳುವಾಗ ಒಂದು ವಿಷಯ ಗಮನಿಸಿ: ನೆಲ ನೀರಿಗಿಂತ ಸಾಕಷ್ಟು ಎತ್ತರ ಇರಬೇಕು. ಕೆಲವು ಸೆಟ್ಟುಗಳಲ್ಲಿ ನೆಲ ಎಷ್ಟು ತೆಳು ಅಂದರೆ ಮಗು ಸ್ವಲ್ಪ ಜಾಸ್ತಿ ಹುಯ್ದರೂ ದ್ವೀಪ ಮುಳುಗುತ್ತದೆ.

ಚಿತ್ರದ ಕಾರ್ಡು, ವಿಡಿಯೋಗಳು ಮಾದರಿ ಮಾಡಿ ಆದ ಮೇಲೆ ಒಳ್ಳೆಯವು. ಮೊದಲೇ ತೋರಿಸಿದರೆ ಮಗು ಹೆಸರು ಬಾಯಿಪಾಠ ಮಾಡುತ್ತದೆ, ಅಷ್ಟೇ.

ಯಾವುದನ್ನು ಮೊದಲು, ಯಾವುದನ್ನು ಆಮೇಲೆ

ಮೂರು ವರ್ಷಕ್ಕೆ ದ್ವೀಪ ಮತ್ತು ಸರೋವರ ಸಾಕು. ಮೊದಲು ನೀವೇ ಹೆಸರು ಹೇಳಿ: ಇದು ದ್ವೀಪ, ಇದು ಸರೋವರ. ಆಮೇಲೆ ಕೇಳಿ: ದ್ವೀಪ ಯಾವುದು, ತೋರಿಸು. ಕೊನೆಗೆ ಬೆರಳಿಟ್ಟು ಇದೇನು ಅಂತ ಕೇಳಿ. ಕೊನೆಯದಕ್ಕೆ ಉತ್ತರ ಬರದಿದ್ದರೆ ತಿದ್ದಬೇಡಿ, ಇನ್ನೊಂದು ದಿನ ಮತ್ತೆ ಆಡಿಸಿ.

ನಾಲ್ಕು–ಐದಕ್ಕೆ ಕೊಲ್ಲಿ ಮತ್ತು ಭೂಶಿರ. ಗೋಕರ್ಣದ ಓಂ ಬೀಚಿಗೆ ಹೋಗಿ ಬಂದಿದ್ದರೆ ನಿಮ್ಮ ಅರ್ಧ ಕೆಲಸ ಆದಂತೆ. ಎರಡು ಅರ್ಧಚಂದ್ರದ ಹಾಗೆ ಕಡಲು ಒಳಗೆ ಬಂದಿದೆ, ನಡುವೆ ಬಂಡೆಯ ಮೂತಿ ಕಡಲಿಗೆ ಚಾಚಿದೆ. ಒಂದೇ ತಟ್ಟೆಯಲ್ಲಿ ಎರಡೂ ಬಂದುಬಿಡುತ್ತವೆ. ಮೂರು ಕಡೆ ನೀರು ಅನ್ನುವುದಕ್ಕೆ ಮುರುಡೇಶ್ವರದ ಕಂದುಕಗಿರಿ ಇದೆ. ಮಾದರಿ ಮಾಡಿ ಮೇಲೆ ಒಂದು ಪುಟ್ಟ ಗೋಪುರ ನಿಲ್ಲಿಸಿದರೆ ಮಗುವಿಗೆ ಗುರುತು ಸಿಗುತ್ತದೆ. ಆಮೇಲೆ ದೊಡ್ಡ ಭೂಪಟದಲ್ಲಿ ದಕ್ಷಿಣ ಭಾರತ ತೋರಿಸಿ, ಅದೂ ಹಾಗೇ ಇದೆ ಅಂತ ಅದೇ ಹೇಳಲಿ. ದ್ವೀಪಗಳ ಗುಂಪಿಗೆ ರಂಗನತಿಟ್ಟು ಮಾಡಿ, ತಿಟ್ಟಿನ ಮೇಲೆ ಕಡ್ಡಿಯ ಮರ ನೆಡಿ, ಕಾಗದದ ಕೊಕ್ಕರೆ ಕೂರಿಸಿ.

ಭೂಸಂಧಿ ಮತ್ತು ಜಲಸಂಧಿಯನ್ನು ಆರು ವರ್ಷದ ತನಕ ಬಿಟ್ಟರೂ ನಷ್ಟವಿಲ್ಲ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇದೆ, ಹಾಗಾಗಿ ಅದನ್ನೇ ಭೂಸಂಧಿಗೆ ಉದಾಹರಣೆ ಕೊಡಬೇಕು ಅನ್ನಿಸುತ್ತದೆ. ಕೊಡಬೇಡಿ. ಭೂಸಂಧಿ ಎರಡು ದೊಡ್ಡ ನೆಲಗಳನ್ನು ಸೇರಿಸಬೇಕು, ಮರವಂತೆಯದು ಕಡಲಿಗೂ ಹೊಳೆಗೂ ನಡುವಿನ ಪಟ್ಟಿ ಅಷ್ಟೇ. ಉತ್ತರ ಮತ್ತು ದಕ್ಷಿಣ ಅಮೆರಿಕಗಳನ್ನು ಸೇರಿಸುವ ಪನಾಮಾ ಸರಿಯಾದ ಉದಾಹರಣೆ. ಎರಡು ಮಣ್ಣಿನ ಮುದ್ದೆಗಳ ನಡುವೆ ಸಣ್ಣ ಸೇತುವೆಯಷ್ಟು ನೆಲ ಬಿಟ್ಟು, ಎರಡೂ ಬದಿಗೆ ನೀರು ತುಂಬಿ. ಈ ಕಡೆಯ ದೋಣಿ ಆ ಕಡೆಗೆ ಹೋಗಬೇಕು, ಏನು ಮಾಡೋಣ ಅಂತ ಕೇಳಿ. ಮಗು ಬೆರಳಿನಿಂದ ಮಣ್ಣು ಕೊರೆಯುತ್ತದೆ. 1914ರಲ್ಲಿ ಪನಾಮಾ ಕಾಲುವೆಯಲ್ಲಿ ಹಡಗು ಓಡಿದ್ದನ್ನು ಆಗ ಹೇಳಿ. ಜಲಸಂಧಿಗೆ ದೂರ ಹೋಗಬೇಕಿಲ್ಲ, ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಪಾಕ್ ಜಲಸಂಧಿ ಇದೆ.

ನೀರಿಗೆ ಬಣ್ಣ ಬೇಕು ಅನ್ನಿಸಿದರೆ ಅಡುಗೆಯ ಬಣ್ಣ ಒಂದು ಹನಿ ಹಾಕಿ. ಬಟ್ಟೆಗೆ ಹಾಕುವ ನೀಲಿ ಬೇಡ, ಮಕ್ಕಳ ಕೈ ಬಾಯಿಗೆ ಹೋಗಿಯೇ ಹೋಗುತ್ತದೆ. ನನಗೆ ಇಷ್ಟ ನೀಲಿ ತಳದ ತಟ್ಟೆಯಲ್ಲಿ ಬರೀ ನೀರು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ನೀರು ತುಂಬಿದ ಟ್ರೇಯ ಹತ್ತಿರ ಒಂಟಿಯಾಗಿ ಬಿಡಬೇಡಿ.

ಆಟ ಮುಗಿದ ಮೇಲೆ ಅದೇ ದಿನ ನೀರು ಖಾಲಿ ಮಾಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಮಣ್ಣು ನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರು ಗಿಡಕ್ಕೆ, ಕೆಳಗಿನ ಮಣ್ಣು ಮತ್ತೆ ಡಬ್ಬಿಗೆ. ಉಪ್ಪು ಹಿಟ್ಟಿನ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ.